ನ್ಯೂಟ್ರಾನ್‌ಗಳ ಜೋಡಿಯನ್ನು ದ್ರವ್ಯರಾಶಿ ಕೋಷ್ಟಕದಲ್ಲಿ ಗುರುತಿಸುವುದು ಹೇಗೆ?

ಪರಮಾಣು ಬೀಜದೊಳಗೆ ನ್ಯೂಟ್ರಾನ್‌ಗಳು ಎರಡೆರಡಾಗಿ ಜೋಡಿಗೂಡುತ್ತವೆ ಎಂಬ ಮಾತನ್ನು ಓದಿ ನಂಬುವುದಕ್ಕಿಂತ, ಪರಮಾಣು ದ್ರವ್ಯರಾಶಿಗಳ ಕೋಷ್ಟಕವನ್ನು ಮುಂದಿಟ್ಟುಕೊಂಡು ನೀವೇ ಲೆಕ್ಕ ಹಾಕಿ ನೋಡುವುದು ಮೇಲು. ಕೂಡುವುದು, ಕಳೆಯುವುದು ಗೊತ್ತಿದ್ದರೆ ಸಾಕು. ತವರದಿಂದ ಆರಂಭಿಸಿ: ಅದರ ಪ್ರೋಟಾನ್‌ಗಳು 50 ಎಂಬ ಮಾಂತ್ರಿಕ ಸಂಖ್ಯೆಯಲ್ಲಿ (ಬೀಜದ ಕವಚವೊಂದು ಪೂರ್ತಿ ತುಂಬುವ ಸಂಖ್ಯೆ) ಭದ್ರವಾಗಿ ನಿಂತಿರುವುದರಿಂದ, ಒಂದು ಐಸೊಟೋಪಿನಿಂದ ಇನ್ನೊಂದಕ್ಕೆ ಹೋದಾಗ ಕಾಣುವ ಏರಿಳಿತವು ಬಹುಮಟ್ಟಿಗೆ ನ್ಯೂಟ್ರಾನ್‌ಗಳದ್ದೇ ಆಗಿರುತ್ತದೆ.

ಕೋಷ್ಟಕದಲ್ಲಿ ‘ಮಾಸ್ ಎಕ್ಸೆಸ್’ ಎಂಬ ಕಾಲಂ ಇರುತ್ತದೆ: ಪರಮಾಣುವಿನ ದ್ರವ್ಯರಾಶಿಗೂ ಅದರ ಪ್ರೋಟಾನ್-ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆಗೂ ಇರುವ ವ್ಯತ್ಯಾಸ, ಶಕ್ತಿಯ ಮಾನದಲ್ಲಿ. ಅಲ್ಲಿನ ಅಂಕಿಗಳು ಸಾಮಾನ್ಯವಾಗಿ ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿರುವುದರಿಂದ ಮೊದಲು ಸಾವಿರದಿಂದ ಭಾಗಿಸಿ ಎಂಇವಿಗೆ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗಳಿಗೆ) ತಂದುಕೊಳ್ಳಿ. ಕೊನೆಯ ನ್ಯೂಟ್ರಾನನ್ನು ಕಿತ್ತು ಹೊರತೆಗೆಯಲು ಬೇಕಾದ ಶಕ್ತಿಯನ್ನು ಪಡೆಯಲು, ಒಂದು ನ್ಯೂಟ್ರಾನ್ ಕಡಿಮೆಯಿರುವ ಐಸೊಟೋಪಿನ ಅಂಕಿಗೆ ಬಿಡಿ ನ್ಯೂಟ್ರಾನಿನ 8.07 ಅನ್ನು ಕೂಡಿಸಿ, ಅದರಿಂದ ನಮ್ಮ ಐಸೊಟೋಪಿನ ಅಂಕಿಯನ್ನು ಕಳೆಯಬೇಕು. ತವರ-119ರ (119 ಎಂದರೆ ಪ್ರೋಟಾನ್-ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆ) ಅಂಕಿ −90.07, ತವರ-120ರದು −91.10, ಆದ್ದರಿಂದ ತವರ-120ರ ಕೊನೆಯ ನ್ಯೂಟ್ರಾನನ್ನು ಕೀಳಲು 9.10 ಎಂಇವಿ ಬೇಕು. ತವರ-121ರ ಅಂಕಿ −89.20, ಅಲ್ಲಿ 6.17 ಸಾಕು. ಇದೇ ರೀತಿ ಮುಂದುವರಿದರೆ ತವರ-122ಕ್ಕೆ 8.8, ತವರ-123ಕ್ಕೆ 5.9 ಬರುತ್ತದೆ. ಇವನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ ಗೆರೆ ಎಳೆದರೆ ಗರಗಸದ ಹಲ್ಲುಗಳು ಮೂಡುತ್ತವೆ: ನ್ಯೂಟ್ರಾನ್ ಸಂಖ್ಯೆ ಸಮವಿದ್ದಲ್ಲಿ ಏರು, ಬೆಸವಿದ್ದಲ್ಲಿ ಇಳಿತ. ಅಕ್ಕಪಕ್ಕದ ಎರಡು ಬೆಲೆಗಳ ವ್ಯತ್ಯಾಸದ ಅರ್ಧವೇ ಜೋಡಿಯ ಬಲದ ಅಳತೆ. ಇಲ್ಲಿ ಅದು ಸುಮಾರು 1.5 ಎಂಇವಿ.

ಈ ಹಲ್ಲುಗಳು ಏಕೆ ಮೂಡುತ್ತವೆ? ಒಂದೇ ಕಕ್ಷೆಯಲ್ಲಿ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಸುತ್ತುವ ಎರಡು ನ್ಯೂಟ್ರಾನ್‌ಗಳ ತರಂಗಗಳು ಒಂದರ ಮೇಲೊಂದು ಅತಿ ಹೆಚ್ಚು ಹರಡಿಕೊಳ್ಳುತ್ತವೆ. ಅವುಗಳ ನಡುವಿನ ಆಕರ್ಷಣೆ ತೀರ ಹತ್ತಿರದಲ್ಲಿ ಮಾತ್ರ ಕೆಲಸ ಮಾಡುವಂಥದ್ದಾದ್ದರಿಂದ, ಈ ಹರಡಿಕೆ ಹೆಚ್ಚಿದಷ್ಟೂ ಲಾಭ ಹೆಚ್ಚು. ಹಾಗೆ ಕೂಡಿದ ಜೋಡಿಯ ಒಟ್ಟು ಸ್ಪಿನ್ (ಕೋನೀಯ ಸಂವೇಗ) ಸೊನ್ನೆ. ಪ್ರೋಟಾನ್, ನ್ಯೂಟ್ರಾನ್ ಎರಡೂ ಸಮಸಂಖ್ಯೆಯಲ್ಲಿರುವ ಬೀಜಗಳ ತಳಸ್ಥಿತಿಯ (ಅತಿ ಕಡಿಮೆ ಶಕ್ತಿಯ ಸ್ಥಿತಿಯ) ಸ್ಪಿನ್ ಸೊನ್ನೆಯೇ ಆಗಿರುವುದಕ್ಕೆ ಇದೇ ಕಾರಣ. ಅತಿವಾಹಕಗಳಲ್ಲಿ (ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತುಗಳಲ್ಲಿ) ಎಲೆಕ್ಟ್ರಾನ್‌ಗಳು ಜೋಡಿಗೂಡುವ ಬಗೆಗೂ ಇದಕ್ಕೂ ಇರುವ ಹೋಲಿಕೆಯನ್ನು ಭೌತವಿಜ್ಞಾನಿಗಳಾದ ಆಗೆ ಬೋರ್, ಮಾಟೆಲ್‌ಸನ್ ಮತ್ತು ಪೈನ್ಸ್ 1958ರಲ್ಲಿ ಎತ್ತಿ ತೋರಿಸಿದರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಇದೇ ಸೂತ್ರವನ್ನು ತವರ-132ಕ್ಕೆ ಹಚ್ಚಿದರೆ, ಅದರ 7.35 ಮತ್ತು ತವರ-133ರ 2.40ರ ವ್ಯತ್ಯಾಸದ ಅರ್ಧವಾಗಿ ಸುಮಾರು 2.5 ಎಂಇವಿ ಸಿಗುತ್ತದೆ. ಇದನ್ನು ಜೋಡಿಯ ಬಲವೆಂದು ಬರೆದುಕೊಳ್ಳಬೇಡಿ. ಅಲ್ಲಿ ನ್ಯೂಟ್ರಾನ್ ಸಂಖ್ಯೆ 82ಕ್ಕೆ ಕವಚ ತುಂಬಿ, ಮುಂದಿನ ನ್ಯೂಟ್ರಾನ್ ಮೇಲಿನ ಕವಚಕ್ಕೆ ಹೋಗಬೇಕಾಗುವುದರಿಂದ, ಕವಚಗಳ ನಡುವಿನ ಅಂತರವೂ ಈ ಅಂಕಿಯಲ್ಲಿ ಬೆರೆತಿರುತ್ತದೆ. ಮಾಂತ್ರಿಕ ಸಂಖ್ಯೆಗಳ ಆಸುಪಾಸಿನಲ್ಲಿ ಈ ಲೆಕ್ಕವನ್ನು ಕೈಬಿಡುವುದೇ ಒಳ್ಳೆಯದು.

ಈಗ ಹೀಲಿಯಂಗೆ ಬನ್ನಿ; ಈ ಅಭ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು. ಹೀಲಿಯಂ-4ರಿಂದ 8ರವರೆಗಿನ ಅಂಕಿಗಳು ಕ್ರಮವಾಗಿ 2.42, 11.23, 17.59, 26.07, 31.61. ಮೊದಲಿನಂತೆಯೇ ಕಳೆದರೆ ಹೀಲಿಯಂ-5ಕ್ಕೆ −0.74, ಹೀಲಿಯಂ-6ಕ್ಕೆ 1.71, ಹೀಲಿಯಂ-7ಕ್ಕೆ −0.41, ಹೀಲಿಯಂ-8ಕ್ಕೆ 2.53 ಬರುತ್ತದೆ. ಋಣ ಚಿಹ್ನೆ ಬಂದಲ್ಲಿ ಆ ಬೀಜ ನಿಲ್ಲುವುದಿಲ್ಲ, ನ್ಯೂಟ್ರಾನ್ ತಾನಾಗಿಯೇ ಹೊರಬೀಳುತ್ತದೆ. ತವರದಲ್ಲಿ ಜೋಡಿಯು ಬಂಧನವನ್ನು ಸ್ವಲ್ಪ ಬಿಗಿಗೊಳಿಸುತ್ತಿತ್ತು. ಇಲ್ಲಿ ಬೀಜದ ಇರವೇ ಜೋಡಿಯನ್ನು ಅವಲಂಬಿಸಿದೆ.

ಲಿಥಿಯಂ-11ರ ಪಾಡೂ ಇದೇ. ಲಿಥಿಯಂ-10 ನಿಲ್ಲುವುದಿಲ್ಲ, ಎರಡೇ ನ್ಯೂಟ್ರಾನ್‌ಗಳು ಸೇರಿದ ಬೀಜವೂ ಇಲ್ಲ. ಆದರೂ ಲಿಥಿಯಂ-9ರ ಸುತ್ತ ಎರಡು ನ್ಯೂಟ್ರಾನ್‌ಗಳು ಒಟ್ಟಾಗಿ, ಬರೀ 0.37 ಎಂಇವಿಯಷ್ಟು ಬಂಧನದಲ್ಲಿ, ದೂರದವರೆಗೆ ಪ್ರಭಾವಳಿಯಂತೆ ಚಾಚಿಕೊಂಡಿರುತ್ತವೆ. ಜೋಡಿಯೆಂದರೆ ಅಂಟಿಕೊಂಡ ಎರಡು ಗೋಲಿಗಳೆಂದು ಮಾತ್ರ ಕಲ್ಪಿಸಿಕೊಳ್ಳಬೇಡಿ. ಜಪಾನಿನ ರೈಕೆನ್ ಸಂಸ್ಥೆಯಲ್ಲಿ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾದಾಗ, ಬೀಜದ ನಡುವಿನಿಂದ ನೋಡಿದರೆ ಆ ಎರಡು ನ್ಯೂಟ್ರಾನ್‌ಗಳ ನಡುವಿನ ಸರಾಸರಿ ಕೋನ ಸುಮಾರು 48 ಡಿಗ್ರಿ ಎಂದು ಅಂದಾಜಿಸಲಾಗಿತ್ತು. ಒಂದಕ್ಕೊಂದು ಸಂಬಂಧವಿಲ್ಲದೆ ಚಲಿಸುವುದಾಗಿದ್ದರೆ ಅದು 90 ಡಿಗ್ರಿ ಇರಬೇಕಿತ್ತು.