ಊರಿನ ಹಳೇ ಕಲ್ಲಿಗಾಗಿ ಅರ್ಜಿ ಬರೆಯುವುದು ಹೇಗೆ?

"ಆದ್ದರಿಂದ ತಾವು ಈ ಕುರಿತು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ."

ಕಚೇರಿಯೊಂದರ ಟಪಾಲು ಟೇಬಲ್ಲಿನಲ್ಲಿ ಕೂತ ಅಷ್ಟೂ ವರ್ಷ ಈ ಸಾಲನ್ನು ದಿನಕ್ಕೆ ಹತ್ತು ಸಲವಾದರೂ ಓದಿದ್ದೇನೆ. ರಸ್ತೆ ಕೇಳುವವರೂ ಇದನ್ನೇ ಬರೆಯುತ್ತಾರೆ, ಮಂಗನ ಕಾಟ ತಪ್ಪಿಸಿ ಎನ್ನುವವರೂ ಇದನ್ನೇ. ಇವುಗಳ ನಡುವೆ ವರ್ಷಕ್ಕೆ ನಾಲ್ಕೈದು ಬೇರೆ ಥರದ ಅರ್ಜಿ ಬರುತ್ತಿದ್ದವು. ವೀರಗಲ್ಲು ಗಟಾರದಲ್ಲಿ ಬಿದ್ದಿದೆ. ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಾರೆ. ರಸ್ತೆ ಅಗಲ ಮಾಡುವಾಗ ಸತಿ ಹೋದವಳ ನೆನಪಿನ ಮಾಸ್ತಿಕಲ್ಲು ಕಿತ್ತು ಎಸೆದಿದ್ದಾರೆ. ಬರೆದವರಿಗೆ ನಿಜವಾಗಿ ಹೊಟ್ಟೆ ಉರಿದಿರುತ್ತಿತ್ತು. ಆದರೂ ಹೆಚ್ಚಿನವು 'ಮುಂದಿನ ಸೂಕ್ತ ಕ್ರಮಕ್ಕಾಗಿ' ಎಂಬ ಷರಾ ಹೊತ್ತು ಇನ್ನೊಂದು ಕಚೇರಿಗೆ ಹೋದವು, ಅಲ್ಲಿಂದ ಮತ್ತೊಂದಕ್ಕೆ. ಸೂಕ್ತ ಕ್ರಮ ಅಂದರೆ ಯಾವುದು ಅಂತ ಬರೆದವರಿಗೂ ಗೊತ್ತಿರಲಿಲ್ಲ, ಓದಿದ ನಮಗೂ ಗೊತ್ತಾಗಲಿಲ್ಲ.

ಈಗ ನಿವೃತ್ತನಾಗಿ ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿದ್ದೇನೆ. ಅರ್ಜಿ ತೆಗೆದುಕೊಳ್ಳುವ ಬದಲು ಬರೆದುಕೊಡುತ್ತೇನೆ. ಕೆಲಸವಾಗುವ ಅರ್ಜಿ ಹೇಗಿರುತ್ತದೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಕಲ್ಲನ್ನು ನೋಡಿ

ಇಂಥ ಕಲ್ಲುಗಳು ಬನವಾಸಿ, ಸೋಂದಾ, ಗೇರುಸೊಪ್ಪೆಯಲ್ಲಷ್ಟೇ ಇಲ್ಲ. ತೋಟದ ಅಂಚಿನಲ್ಲಿ, ಕೆರೆ ಏರಿಯ ಮೇಲೆ, ತೋಟಕ್ಕೆ ಸೊಪ್ಪು ತರುವ ಬೆಟ್ಟದೊಳಗೆ ಎಲ್ಲಿ ಬೇಕಾದರೂ ಇರಬಹುದು. ಕರಾವಳಿ ಕಡೆ ಕೆಲವು ಜಟಗ, ಮಾಸ್ತಿ ಅಂತ ಪೂಜೆಯನ್ನೂ ಪಡೆಯುತ್ತಿವೆ.

ವೀರಗಲ್ಲಾದರೆ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಜೈನರ ಕಲ್ಲಾದರೆ ಮೇಲೆ ಜಿನ ಇರಬಹುದು. ಅಕ್ಷರವಿದ್ದರೆ ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಹುಡುಕಿ. ಕುದುರೆ ಕಂಡ ಕೂಡಲೇ 'ಶಿವಾಜಿ ಮಹಾರಾಜರದ್ದು' ಅನ್ನುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ, ಅವರ ಮಾತನ್ನು ಅರ್ಜಿಯಲ್ಲಿ ಬರೆಯಬೇಡಿ. ಕಂಬದಿಂದ ಹೊರಟ ಬಳೆ ತೊಟ್ಟ ಕೈ ಇದ್ದರೆ ಅದು ಮಾಸ್ತಿಕಲ್ಲು. ತುದಿಯಲ್ಲಿ ಸೂರ್ಯ, ಚಂದ್ರ, ಹಸು-ಕರು ಇದ್ದು ಕೆಳಗೆಲ್ಲ ಅಕ್ಷರವೇ ತುಂಬಿದ್ದರೆ ದಾನಶಾಸನ ಇರಬೇಕು. ಶಕ ವರ್ಷ ಓದಲು ಬಂದರೆ ಅದಕ್ಕೆ 78 ಕೂಡಿಸಿ, ಇಸವಿ ಸಿಗುತ್ತದೆ. ಓದಲು ಬಾರದಿದ್ದರೆ ಊಹೆ ಮಾಡಬೇಡಿ.

ತೊಳೆಯುವ ಉತ್ಸಾಹ ಬೇಡ. ತಂತಿ ಬ್ರಷ್, ಆಸಿಡ್, ಬ್ಲೀಚಿಂಗ್ ಪೌಡರ್, ಸುಣ್ಣ ಯಾವುದೂ ಬೇಡ. ನಮ್ಮ ಮಳೆಗೆ ಕಲ್ಲಿನ ಮೇಲೆ ಹಾವಸೆ ಕಟ್ಟುವುದು ಸಹಜ. ಬೇಸಿಗೆಯಲ್ಲಿ ಅದು ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಧೂಳು ಕೊಡವಿದರೆ ಸಾಕು. ಎಲ್ಲಕ್ಕಿಂತ ಕೆಟ್ಟದ್ದು ಆಯಿಲ್ ಪೇಂಟ್. ಒಂದೂರಲ್ಲಿ 'ಚೆನ್ನಾಗಿ ಕಾಣಲಿ' ಅಂತ ಅಕ್ಷರಗಳಿಗೆ ಬೆಳ್ಳಿ ಬಣ್ಣ ತುಂಬಿಸಿದ್ದರು. ಪೇಂಟರ್ ಹುಡುಗನಿಗೆ ಹಳಗನ್ನಡ ಲಿಪಿ ಎಲ್ಲಿಂದ ಬರಬೇಕು? ಕಲ್ಲಿನ ಬಿರುಕನ್ನೂ ಅಕ್ಷರ ಮಾಡಿದ್ದ.

ಫೋಟೋಕ್ಕೆ ಬೆಳಕು ಪಕ್ಕದಿಂದ ಬೀಳಬೇಕು. ಮಧ್ಯಾಹ್ನದ ನೆತ್ತಿ ಬಿಸಿಲಿಗೆ ಅಕ್ಷರ ಕಾಣುವುದಿಲ್ಲ. ಸೂರ್ಯ ತಗ್ಗಿನಲ್ಲಿರುವಾಗ ತೆಗೆಯಿರಿ. ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ತಾಗುವ ಹಾಗೆ ಓರೆಯಾಗಿ ಹಿಡಿಯಿರಿ. ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಪಕ್ಕದಲ್ಲಿ ಸ್ಕೇಲ್ ಇಡಿ. ಫೋಟೋ 'ಚಂದ ಮಾಡುವ' ಆ್ಯಪ್‌ಗಳನ್ನು ನಾನಂತೂ ನಂಬುವುದಿಲ್ಲ, ಅವು ಇಲ್ಲದ ಗೆರೆಯನ್ನೂ ತಾವೇ ಎಳೆಯುತ್ತವೆ. ಇನ್ನೊಂದು ಮಾತು: ಜಾಗದ ಗುರುತಿನ ಸಮೇತ ಫೇಸ್‌ಬುಕ್ಕಿಗೆ ಹಾಕಬೇಡಿ. ಶಾಸನ ಇದ್ದಲ್ಲಿ ನಿಧಿ ಇದೆ ಅಂತ ನಂಬಿ ರಾತ್ರಿ ಗುದ್ದಲಿ ತರುವವರು ಈಗಲೂ ಇದ್ದಾರೆ.

ಜಾಗದವರ ಹತ್ತಿರ ಕೂತು ಮಾತಾಡಿ

ಈ ಹಂತ ಹಾರಿಸಿ ಸೀದಾ ಪೇಪರಿನವರಿಗೆ ಫೋನ್ ಮಾಡುವವರೇ ಜಾಸ್ತಿ. ಅತಿಕ್ರಮಣ, ಬೆಟ್ಟ, ಅರಣ್ಯ ಅಂತ ಅರ್ಧ ಜಿಲ್ಲೆ ಕಾಗದ ಹಿಡಿದು ಓಡಾಡುತ್ತಿದೆ. ಅಂಥದ್ದರಲ್ಲಿ ತಮ್ಮ ತೋಟದ ಕಲ್ಲು ಪೇಪರಲ್ಲಿ ಕಂಡರೆ ಮನೆಯವರಿಗೆ ಎದೆ ಹೊಡೆದುಕೊಳ್ಳದೆ ಇರುತ್ತದಾ? ಮರುದಿನ ಹೋದರೆ ಕಲ್ಲೇ ಇರುವುದಿಲ್ಲ. ಒಂದು ಮನೆಯ ಅಜ್ಜಿ ನನ್ನನ್ನು ಕೇಳಿದ್ದು ಇಷ್ಟೇ: "ತಮಾ, ಫೋಟೋ ತೆಗದ್ರೆ ಎಂಗಳ ಜಾಗ ಹೋಗ್ತಿಲ್ಯಲಾ?"

ಇದಕ್ಕೆ ಸುಳ್ಳು ಸಮಾಧಾನ ಹೇಳಬಾರದು. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರಂತೆ, ಕೇಂದ್ರವು ಸಂರಕ್ಷಿತ ಎಂದು ಘೋಷಿಸಿದ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಬನವಾಸಿಯ ಮಧುಕೇಶ್ವರ ದೇವಸ್ಥಾನ ಅಂಥದ್ದು. ಆದರೆ ತೋಟದ ಅಂಚಿನ ಒಂಟಿ ಕಲ್ಲಿಗೆ ಹಾಗೆ ಘೋಷಣೆ ಆಗದೆ ಈ ನಿಯಮ ತಾನಾಗಿ ಬಂದು ಕೂರುವುದಿಲ್ಲ. ನೀವು ಕೇಳಲು ಹೊರಟಿರುವುದು ಏನು ಅಂತ ಅವರಿಗೆ ಓದಿ ಹೇಳಿ. ಒಪ್ಪಿದರೆ ಅರ್ಜಿಯಲ್ಲಿ ಮೊದಲ ಸಹಿ ಅವರದ್ದೇ ಇರಲಿ. ಒಪ್ಪದಿದ್ದರೆ ಚಾ ಕುಡಿದು ಎದ್ದು ಬನ್ನಿ, ತಿಂಗಳು ಬಿಟ್ಟು ಮತ್ತೆ ಹೋಗಿ.

ಯಾರ ಟೇಬಲ್ಲಿಗೆ?

ಗೇರುಸೊಪ್ಪೆಯ ಚತುರ್ಮುಖ ಬಸದಿ, ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದಂಥ ಕೇಂದ್ರ ಸಂರಕ್ಷಿತ ಜಾಗವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತಕ್ಕೆ. ರಾಜ್ಯದ 1961ರ ಕಾಯ್ದೆಯಡಿ ಸಂರಕ್ಷಿತವಾದರೆ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ. ಎರಡರಲ್ಲಿ ಯಾವುದಾದರೂ ಅಲ್ಲಿ ಬೋರ್ಡ್ ಇರುತ್ತದೆ, ಓದಿಕೊಳ್ಳಿ. ನಮ್ಮ ಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಯಾವ ಬೋರ್ಡೂ ಇಲ್ಲ. ಆಗ ಪಹಣಿ ತೆಗೆಸಿ. ಕಾಡಾದರೆ ಅರಣ್ಯ ಇಲಾಖೆ, ರಸ್ತೆ ಬದಿಯಾದರೆ ರಸ್ತೆ ಮಾಡುವವರು, ಊರೊಳಗಾದರೆ ಪಂಚಾಯ್ತಿ. ಎಲ್ಲದಕ್ಕೂ ದೇವಿಮನೆ ಘಾಟಿ ಇಳಿದು ಜಿಲ್ಲಾ ಕೇಂದ್ರ ಕಾರವಾರಕ್ಕೆ ಓಡಬೇಕಿಲ್ಲ.

'ಅಪರೂಪದ ಶಾಸನ ಪತ್ತೆ' ಅಂತ ಘೋಷಿಸುವ ಮೊದಲು ಯಾರಾದರೂ ಆಗಲೇ ಓದಿದ್ದಾರಾ ಅಂತ ವಿಚಾರಿಸಿ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹುಡುಕಿ ಸಿಗಲಿಲ್ಲ ಅಂತ ಎಷ್ಟೋ ಜನ ಹಿಗ್ಗುತ್ತಾರೆ. ರೈಸ್ ತಿರುಗಿದ್ದು ಮೈಸೂರು ಸಂಸ್ಥಾನ, ಕೊಡಗು. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು. ಹಾಗಾಗಿ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ ನೋಡಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಮೈಸೂರಿನಲ್ಲಿರುವ ಕೇಂದ್ರದ ಶಾಸನ ವಿಭಾಗಕ್ಕೋ ಫೋಟೋ ಕಳಿಸಿ ಕೇಳಬಹುದು.

ಅರ್ಜಿ

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

'ವಿಷಯ' ಎಂಬ ಸಾಲಿನಿಂದ ಶುರು ಮಾಡಿ. ಟಪಾಲಿನವರು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಇದೊಂದನ್ನೇ. ನಿಮ್ಮ ಕಾಗದ ಯಾವ ಗುಮಾಸ್ತರಿಗೆ ಹೋಗಬೇಕು ಅಂತ ತೀರ್ಮಾನ ಆಗುವುದೂ ಇದರ ಮೇಲೆ. 'ನಮ್ಮ ಭವ್ಯ ಪರಂಪರೆಯ ರಕ್ಷಣೆ ಕುರಿತು' ಅಂತ ಬರೆದರೆ ಅದು ಯಾರಿಗೂ ಹೋಗುವುದಿಲ್ಲ. ಹೀಗೆ ಬರೆಯಿರಿ: 'ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟರಲ್ಲಿ, ರಸ್ತೆ ಕಾಮಗಾರಿಯ ಜಾಗದಲ್ಲಿರುವ ಶಾಸನದ ಕಲ್ಲಿಗೆ ಹಾನಿಯಾಗದಂತೆ ಬೇಲಿ ಹಾಕಿಸುವ ಬಗ್ಗೆ.' ಉದ್ದವಾಯಿತು ಅನ್ನಿಸಿದರೂ ಪರವಾಗಿಲ್ಲ.

ಮೊದಲ ಪ್ಯಾರಾದಲ್ಲಿ ಮಯೂರವರ್ಮನನ್ನು ತರಬೇಡಿ. ಅಲ್ಲಿಂದ ಹೊರಟು ಗಟಾರಕ್ಕೆ ಬರುವಷ್ಟರಲ್ಲಿ ಎರಡು ಪುಟ ಮುಗಿದಿರುತ್ತದೆ. ಸಾಹೇಬರಿಗೆ ಬೇಕಾದ್ದು ಐದು ಸಂಗತಿ: ಕಲ್ಲು ಎಲ್ಲಿದೆ, ಎಷ್ಟು ಎತ್ತರ ಎಷ್ಟು ಅಗಲ, ಜಾಗ ಯಾರದ್ದು, ಈಗ ಏನು ಅಪಾಯ, ಅದು ಯಾವ ದಿನ ಕಣ್ಣಿಗೆ ಬಿತ್ತು. ಇತಿಹಾಸ ಎರಡು ಸಾಲು ಸಾಕು. ಅದೂ ಓದಿದವರು ಹೇಳಿದ್ದಾದರೆ ಮಾತ್ರ.

ಆಮೇಲೆ ಬೇಡಿಕೆ. ಒಂದೇ ಒಂದು ಇರಲಿ. ಆ ಕುರ್ಚಿಯಲ್ಲಿ ಕೂತವರು ತಮ್ಮ ಸಹಿಯಿಂದಲೇ ಮಾಡಿಸಬಹುದಾದ್ದಾಗಿರಲಿ. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಪಂಚಾಯ್ತಿಯ ಪಿಡಿಒ ಹತ್ತಿರ ಮ್ಯೂಸಿಯಂ ಕೇಳಿದರೆ ಅವರು ಮಾಡುವುದೇನು? ಕಲ್ಲಿನ ಬುಡದ ಗಟಾರದ ನೀರು ತಿರುಗಿಸಿ ಅಂತ ಕೇಳಿ, ಅದು ಅವರ ಕೈಲಾಗುತ್ತದೆ. ಇಂಜಿನಿಯರಿಗೆ 'ಜೆಸಿಬಿ ತರುವ ಮೊದಲು ಈ ಕಲ್ಲಿಗೆ ಗುರುತು ಹಾಕಿಸಿ' ಅನ್ನಿ. ಪುರಾತತ್ವ ಇಲಾಖೆಗೆ 'ಒಮ್ಮೆ ಬಂದು ನೋಡಿ ಅಕ್ಷರಗಳ ಪಡಿಯಚ್ಚನ್ನು ಕಾಗದದ ಮೇಲೆ ತೆಗೆಸಿ' ಅನ್ನಿ. ಕಲ್ಲನ್ನು ಎಬ್ಬಿಸಿ ಬೇರೆಡೆ ನಿಲ್ಲಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಎಲ್ಲಿ ನಿಂತಿದೆ ಅನ್ನೋದೂ ಇತಿಹಾಸದ ಪಾಲೇ. ಸಾಗಿಸಲೇಬೇಕಾದರೆ ಇಲಾಖೆಯವರು ಎದುರಿಗಿರಲಿ. ಊರ ಹುಡುಗರೇ ಹಾರೆ ಹಾಕಿ ಎತ್ತಲು ಹೋಗಿ ಎರಡು ತುಂಡು ಮಾಡಿದ್ದನ್ನು ನೋಡಿದ್ದೇನೆ.

'ಸೂಕ್ತ', 'ಶೀಘ್ರ', 'ಆದಷ್ಟು ಬೇಗ' ಎಂಬ ಮಾತುಗಳನ್ನು ಹೊಡೆದುಹಾಕಿ. ಅವುಗಳ ಜಾಗದಲ್ಲಿ 'ಕಾಮಗಾರಿ ಶುರುವಾಗುವ ಮುನ್ನ' ಅಥವಾ 'ಈ ಮಳೆಗಾಲ ಹಿಡಿಯುವ ಮುನ್ನ' ಅಂತ ಬರೆಯಿರಿ.

ಕಾನೂನು ಬರೆಯುವ ಚಪಲ ಇದ್ದರೆ ಒಂದೇ ಸಾಲು. ಸಂವಿಧಾನದ 51ಎ(ಎಫ್) ಪ್ರಕಾರ ಪರಂಪರೆಯನ್ನು ಕಾಪಾಡುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ. ಹಾಗಾಗಿ ನೀವೂ ಏನಾದರೂ ಮಾಡಬೇಕು. 'ಬೇಲಿಗೆ ಕಂಬ ನಾವು ಕೊಡುತ್ತೇವೆ' ಅಂತ ಸೇರಿಸಿದ ಅರ್ಜಿ ಬೇಗ ಓಡುತ್ತದೆ.

ಸಹಿ 500 ಬೇಡ, 5 ಸಾಕು. ಜಾಗದವರು, ವಾರ್ಡಿನ ಸದಸ್ಯರು, ಶಾಲೆಯ ಹೆಡ್‌ಮಾಸ್ತರು, ಊರಿನ ಇಬ್ಬರು. ಹೆಸರಿನ ಮುಂದೆ ಫೋನ್ ನಂಬರ್ ಇರಲೇಬೇಕು. ಅಧಿಕಾರಿ ಸ್ಥಳಕ್ಕೆ ಬಂದು, ಯಾರನ್ನು ಕೇಳುವುದು ಅಂತ ತಿಳಿಯದೆ ವಾಪಸ್ ಹೋದದ್ದುಂಟು. ಕೆಳಗೆ 'ಪ್ರತಿ' ಅಂತ ಪ್ರಧಾನಿಯವರೆಗೆ ಹದಿನಾಲ್ಕು ಹೆಸರು ಬರೆಯಬೇಡಿ. ಹದಿನಾಲ್ಕೂ ಜನ ಉಳಿದ ಹದಿಮೂರು ಜನ ನೋಡಿಕೊಳ್ಳುತ್ತಾರೆ ಅಂತ ಸುಮ್ನಿರುತ್ತಾರೆ. ಎರಡು ಪ್ರತಿ ಸಾಕು.

ಎಲ್ಲ ಸೇರಿ ಒಂದು ಪುಟ. ಜೊತೆಗೆ ಎರಡು ಫೋಟೋ: ಹತ್ತಿರದ್ದೊಂದು, ರಸ್ತೆಯೋ ಮರವೋ ಕಾಣುವ ಹಾಗೆ ದೂರದ್ದೊಂದು.

ಕೊಟ್ಟ ಮೇಲೆ

ಸಾಹೇಬರಿಗೆ ಮನವಿ ಕೊಡುವ ಫೋಟೋ ತೆಗೆಸಿಕೊಂಡು ಮನೆಗೆ ಹೋಗಬೇಡಿ. ಆ ಕಾಗದ ಅವರ ಮೇಜಿನ ಮೇಲೇ ಉಳಿದು ರಿಜಿಸ್ಟರಿಗೆ ಬಾರದೇ ಹೋಗಬಹುದು. ಟಪಾಲಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ನಂಬರ್ ಹಾಕಿಸಿಕೊಳ್ಳಿ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ಒಂದು ಠರಾವು ಮಾಡಿಸಿ, ನಡಾವಳಿಯಲ್ಲಿ ಬರೆದರಾ ಅಂತ ಕಣ್ಣಾರೆ ನೋಡಿ.

ತಿಂಗಳೆರಡು ಕಳೆದರೂ ಸುದ್ದಿ ಇಲ್ಲವಾದರೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಜಗಳ ಬೇಡ. 'ಇಂಥ ನಂಬರಿನ ನನ್ನ ಅರ್ಜಿ ಈಗ ಯಾರ ಬಳಿ ಇದೆ, ಅದರ ಮೇಲಿನ ಟಿಪ್ಪಣಿಯ ನಕಲು ಕೊಡಿ' ಅಂತ ಕೇಳಿದರೆ ಮಲಗಿದ ಫೈಲು ಎದ್ದು ಕೂರುತ್ತದೆ. ಕಚೇರಿಯಲ್ಲಿದ್ದಾಗ ನಾನೇ ಎಷ್ಟೋ ಸಲ ಹಾಗೆ ಎಬ್ಬಿಸಿದ್ದೇನೆ, ಬೈದುಕೊಳ್ಳುತ್ತಾ.

ಮಕ್ಕಳನ್ನು ಕರೆತನ್ನಿ

ಇದನ್ನು ಅರ್ಜಿಗಿಂತ ಮೊದಲೇ ಮಾಡಬಹುದು. ಹೈಸ್ಕೂಲಿನ ಒಂದು ತರಗತಿಯನ್ನು ಕಲ್ಲಿನ ಹತ್ತಿರ ಕರೆತಂದು ಅಳತೆ ತೆಗೆಸಿ, ಚಿತ್ರ ಬರೆಸಿ. ಕದಂಬರ ರಾಜಧಾನಿ ಬನವಾಸಿ ಅಂತ ನಮ್ಮ ಮಕ್ಕಳು ಒಂದು ಮಾರ್ಕಿಗೆ ಬಾಯಿಪಾಠ ಮಾಡುತ್ತಾರೆ. ಅದೇ ಬನವಾಸಿಯ ಪಕ್ಕದ ಗುಡ್ನಾಪುರದಲ್ಲಿ ಸಿಕ್ಕ ಒಂದು ಕಂಬ, ಕದಂಬ ರವಿವರ್ಮ ಅಲ್ಲಿ ಕಾಮನ ಗುಡಿ ಕಟ್ಟಿಸಿದ್ದನ್ನು ಹೇಳುತ್ತದೆ ಅನ್ನೋದು ಅವರಿಗೆ ಗೊತ್ತಿಲ್ಲ. ಇತಿಹಾಸ ಓದಿದರೆ ಕೆಲಸ ಸಿಗಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ, ಪಿಯುಸಿಗೆ ಬರುವಷ್ಟರಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಆದರೆ ಅಳತೆ ಹಿಡಿದ ಮಗು ಆ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಅಮ್ಮನನ್ನೂ ಬಿಡುವುದಿಲ್ಲ. ಮಕ್ಕಳ ಚಿತ್ರ ಒಂದನ್ನು ಅರ್ಜಿಗೆ ಲಗತ್ತಿಸಿ.

ಕಲ್ಲೇ ಆಗಬೇಕೆಂದಿಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು, ಆಮೇಲೆ ಅಂಕೋಲಾ, ಸಿದ್ದಾಪುರದಲ್ಲಿ ಕರನಿರಾಕರಣೆ. ಆ ಕಾಲದ ಕಾಗದಪತ್ರ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಗೆದ್ದಲು ಹಿಡಿಯುವ ಮೊದಲು ಕೆಳಗಿಳಿಸಿ.

ಕಡೆಯದಾಗಿ ಒಂದು ಫೈಲು ಮಾಡಿ. ಅರ್ಜಿಯ ಪ್ರತಿ, ಪಹಣಿ, ಫೋಟೋ, ಠರಾವಿನ ನಕಲು ಎಲ್ಲ ಅದರಲ್ಲಿರಲಿ. ಮೇಲೆ ಊರಿನ ಹೆಸರು, ಕಲ್ಲಿರುವ ಜಾಗ ಬರೆಯಿರಿ. ಬಾಲ್ ಪೆನ್ನಿನಲ್ಲಿ ಬರೆಯಿರಿ. ನಾನು ಇಂಕ್ ಪೆನ್ನಿನವನು. ನನ್ನ ಮೊದಲ ಫೈಲು ಒಂದು ಮಳೆಗಾಲ ಕಪಾಟಿನಲ್ಲಿತ್ತು. ಈಗ ಅದರ ಮೇಲೆ ನೀಲಿ ಕಲೆ ಇದೆ, ಊರು ಯಾವುದು ಅಂತ ಒಳಗೆ ತೆರೆದೇ ನೋಡಬೇಕು.