ಡೆಕ್ ಮೇಲೆ ಹಸೆ ಚಿತ್ತಾರ: ನನ್ನ ಅನುಭವ

ಸ್ಕೇಟ್‌ಬೋರ್ಡಿನ ಡೆಕ್‌ಗೆ, ಅಂದರೆ ನಿಲ್ಲುವ ಹಲಗೆಗೆ, ಚಿತ್ರ ಬರೆಯಲು ಕೂರುವ ಮೊದಲು ಬಣ್ಣ ಎಲ್ಲಿ ಉಳಿಯುತ್ತದೆ, ಎಲ್ಲಿ ಉಳಿಯುವುದಿಲ್ಲ ಅಂತ ನೋಡಿಕೊಳ್ಳಬೇಕು. ನನ್ನ ಹಾಗೆ ಬೋರ್ಡ್‌ಸ್ಲೈಡ್ (ಬೋರ್ಡಿನ ನಡುಭಾಗವನ್ನು ಕಂಬಿಯ ಮೇಲೆ ಜಾರಿಸುವುದು) ಹುಚ್ಚಿದ್ದರೆ ಅಡಿಭಾಗದಲ್ಲಿ ಎರಡು ಟ್ರಕ್‌ಗಳ (ಚಕ್ರ ಹಿಡಿದಿಡುವ ಲೋಹದ ಭಾಗ) ನಡುವಿನ ಜಾಗವೇ ಮೊದಲು ಸವೆಯುವುದು. ಮುಂದಿನ ತುದಿ ನೋಸ್, ಹಿಂದಿನ ತುದಿ ಟೇಲ್ ಕೂಡ ನೆಲಕ್ಕೆ ಉಜ್ಜಿ ಬೋಳಾಗುತ್ತವೆ. ಟ್ರಕ್ ಕೂತ ಜಾಗದ ಸುತ್ತ ಮಾತ್ರ ಚಿತ್ರ ಬಹುಕಾಲ ನಿಲ್ಲುತ್ತದೆ. ಹಾಗಾಗಿ ನವಿರಾದ ಕುಸುರಿಯನ್ನೆಲ್ಲ ನಾನು ಅಲ್ಲೇ ಇಟ್ಟೆ.

ನಾನು ಬರೆದದ್ದು ಹಸೆ ಚಿತ್ತಾರ. ಅಮ್ಮನ ತವರು ಮಲೆನಾಡಿನ ಸಾಗರದ ಕಡೆ. ಅಲ್ಲಿ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಬಂತೆಂದರೆ ಕೆಮ್ಮಣ್ಣು ಬಳಿದ ಗೋಡೆಗೆ ಹೆಂಗಸರು ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯುತ್ತಾರೆ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಅದೇ ಚಿತ್ತಾರ. ಕುಂಚ ಪುಂಡಿ ನಾರಿನದು. ಚಿಕ್ಕಮ್ಮ ನನಗೆ ಒಂದು ಕುಂಚ ಕಟ್ಟಿಕೊಟ್ಟು, "ಕೈ ಎತ್ತಬೇಡ ಮಗಾ, ಉಸಿರು ಹಿಡಿದು ಒಂದೇ ಸಲ ಎಳಿ" ಅಂದಳು. ನಾರಿನ ತುದಿಯಲ್ಲಿ ಬರುವ ಎಳೆಯ ಜೀವ ಮಾರ್ಕರ್‌ನಲ್ಲಿ ಬರುವುದಿಲ್ಲ. ಮಾರ್ಕರ್ ಸುಲಭ ನಿಜ, ಆದರೆ ಎಳೆಯೆಲ್ಲ ಒಂದೇ ದಪ್ಪ.

ಹಸೆಯ ಮದುಮಕ್ಕಳನ್ನು ಮಾತ್ರ ನಾನು ಬರೆಯಲಿಲ್ಲ. ಕಾಲಡಿ ಇಟ್ಟು ನೆಲಕ್ಕೆ ಉಜ್ಜುವ ಹಲಗೆ ಇದು. ಅವರ ಜಾಗ ಅದಲ್ಲ. ಅಂಚಿನ ಎಳೆಗಳು, ಜೋಗಿಜಡೆ ಎಂಬ ವಿನ್ಯಾಸ, ಇಷ್ಟೇ ತೆಗೆದುಕೊಂಡೆ.

ಟ್ರಕ್ ಬಿಚ್ಚಿ, ಕಂಪನಿಯ ಚಿತ್ರವನ್ನು 120 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ ತೆಗೆದೆ, ಆಮೇಲೆ 220ರಲ್ಲಿ ನಯ ಮಾಡಿದೆ. ಯಾವಾಗಲೂ ಡೆಕ್ಕಿನ ಉದ್ದಕ್ಕೆ, ಮರದ ಎಳೆಯ ದಿಕ್ಕಿಗೇ ಉಜ್ಜಬೇಕು. ಮೇಪಲ್ ಡೆಕ್ ಅಂದರೆ ಸಾಮಾನ್ಯವಾಗಿ 7 ತೆಳು ಪದರ ಅಂಟಿಸಿದ್ದು; ಬಣ್ಣ ಹೋದ ಮೇಲೂ ಉಜ್ಜುತ್ತಾ ಕೂತರೆ ಹೊರಪದರವೇ ಸವೆದು ಬೋರ್ಡ್ ಸೊರಗುತ್ತದೆ. ಧೂಳು ಎದೆಗೆ ಒಳ್ಳೆಯದಲ್ಲ, ಮಾಸ್ಕ್ ಬೇಕೇ ಬೇಕು.

ಅಕ್ಕಿಹಿಟ್ಟು ಮಳೆನೀರಿಗೆ ತೊಳೆದುಹೋಗುವುದರಿಂದ ಅಕ್ರಿಲಿಕ್ ಬಳಸಿದೆ. ಕೆಮ್ಮಣ್ಣಿನ ಬಣ್ಣ ತೆಳುವಾಗಿ ಎರಡು ಕೋಟ್, ಒಣಗಿದ ಮೇಲೆ ಬಿಳಿ ಎಳೆ. ಮೇಲಿನ ವಾರ್ನಿಷ್ ಸ್ಪ್ರೇಯ ಮೊದಲ ಕೋಟ್ ಮಂಜು ಹನಿಸಿದಷ್ಟೇ ಇರಲಿ. ಒಮ್ಮೆಲೇ ದಪ್ಪ ಹೊಡೆದರೆ ಎಳೆ ಕದಡುವ ಭಯ.

ನನಗೆ ಅತಿ ಇಷ್ಟವಾದ ಭಾಗ ಗ್ರಿಪ್ ಟೇಪ್, ಕಾಲು ಜಾರದಂತೆ ಡೆಕ್ ಮೇಲೆ ಅಂಟಿಸುವ ಒರಟು ಹಾಳೆ. ಡೆಕ್ಕಿನ ಮೇಲ್ಮೈಗೆ ಅಡ್ಡಡ್ಡ ಬಿಳಿ ಪಟ್ಟೆ ಬಳಿದು, ಚೆನ್ನಾಗಿ ಒಣಗಲು ಬಿಟ್ಟೆ. ಹಸಿ ಬಣ್ಣಕ್ಕೆ ಟೇಪ್ ಹಿಡಿಯುವುದಿಲ್ಲ. ಆಮೇಲೆ ಟೇಪನ್ನು ತುಂಡು ಮಾಡಿ, ನಡುವೆ 2–3 ಮಿಲಿಮೀಟರ್ ಸಂದು ಬಿಟ್ಟು ಅಂಟಿಸಿದೆ. ಕಪ್ಪು ಟೇಪಿನ ನಡುವೆ ಬಿಳಿ ಎಳೆ ಎದ್ದು ಕಾಣುತ್ತದೆ, ತಗ್ಗಿನಲ್ಲಿರುವುದರಿಂದ ಶೂ ತಾಗುವುದೂ ಕಡಿಮೆ. ಹೊರಗೆ ಚಾಚಿದ ಟೇಪ್ ಕತ್ತರಿಸಲು ಡೆಕ್ಕಿನ ಅಂಚಿಗೆ ಸ್ಕ್ರೂಡ್ರೈವರ್‌ನ ಕಡ್ಡಿ ಒತ್ತಿ ಉಜ್ಜಿದರೆ ಟೇಪಿನ ಮೇಲೆ ಬೆಳ್ಳಗಿನ ಗೆರೆ ಮೂಡುತ್ತದೆ. ಬ್ಲೇಡನ್ನು ಅದರಗುಂಟ ಕೆಳಗಿನಿಂದ ಓಡಿಸಿದರೆ ಸಾಕು. ಕಿಕ್‌ಫ್ಲಿಪ್‌ಗೆ (ಹಾರಿ, ಬೋರ್ಡನ್ನು ಕಾಲಿನಿಂದ ಗಿರಕಿ ಹೊಡೆಸುವುದು) ಮುಂಗಾಲು ಉಜ್ಜುವ ಕಡೆ ಸಂದು ಬಿಡಬೇಡಿ, ಟೇಪ್ ಅಲ್ಲೇ ಏಳಲು ಶುರುವಾಗುತ್ತದೆ.

ಮುಂದಿನ ಟ್ರಕ್‌ಗೆ ಒಂದೇ ಒಂದು ಕೆಂಪು ಬೋಲ್ಟ್ ಹಾಕಿದ್ದೇನೆ. ಅದು ಅಲಂಕಾರವೂ ಹೌದು, ನೋಸ್ ಯಾವ ಕಡೆ ಅಂತ ಕಣ್ಣಿಗೆ ತಕ್ಷಣ ತಿಳಿಯುವ ಗುರುತೂ ಹೌದು.