ಮ್ಯಾಗ್ನಮ್ ರಿವಾಲ್ವರಿನ ಒದೆತ: ಹಿಡಿ ಬದಲಿಸುವಾಗ, ತೋಟಾ ಆರಿಸುವಾಗ ನಾನು ನೋಡುವುದೇನು

ಮ್ಯಾಗ್ನಮ್ (ಮಾಮೂಲಿಗಿಂತ ಜೋರಾದ ತೋಟಾ) ಹೊಡೆದು ಕೈ ನೋವು ಅಂದವರಿಗೆ ಮೊದಲು ಸಿಗುವ ಸಲಹೆ ದಪ್ಪನೆಯ ರಬ್ಬರ್ ಹಿಡಿ. ಎಷ್ಟೋ ಸಲ ಆ ಹಿಡಿ ನೋವನ್ನು ಕಮ್ಮಿ ಮಾಡುವುದಿಲ್ಲ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಸುತ್ತದೆ, ಅಷ್ಟೆ. ಒದೆತ ಎಷ್ಟು ಅನ್ನುವುದನ್ನು ತೋಟಾ ಮತ್ತು ರಿವಾಲ್ವರಿನ ತೂಕ ತೀರ್ಮಾನಿಸುತ್ತವೆ. ಆ ಒದೆತ ಕೈಯ ಯಾವ ಜಾಗಕ್ಕೆ, ಎಷ್ಟು ಅಗಲದಲ್ಲಿ ಬಂದು ಬೀಳುತ್ತದೆ ಅನ್ನುವುದನ್ನು ಹಿಡಿ ತೀರ್ಮಾನಿಸುತ್ತದೆ. ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ, ನೋವು ಎಲ್ಲಿ? ಹೆಬ್ಬೆರಳ ಬುಡದ ಗೆಣ್ಣಿನಲ್ಲೋ, ಹೆಬ್ಬೆರಳು ತೋರುಬೆರಳಿನ ನಡುವಿನ ಕವಲಿನಲ್ಲೋ, ನಡುಬೆರಳ ಗೆಣ್ಣಿನಲ್ಲೋ? ಮೂರಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ.

ಮೊದಲು ಲೆಕ್ಕ ಮಾಡಿಬಿಡೋಣ, ಕಷ್ಟದ್ದೇನಲ್ಲ. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿ. ತೋಟಾದೊಳಗಿನ ಸಿಡಿಮದ್ದಿನ ತೂಕವನ್ನು ಅದೇ ವೇಗದ ಒಂದೂವರೆ ಪಟ್ಟಿನಿಂದ ಗುಣಿಸಿ ಅದಕ್ಕೆ ಕೂಡಿಸಿ, ಯಾಕೆಂದರೆ ಉರಿದ ಮದ್ದಿನ ಗಾಳಿ ಗುಂಡಿಗಿಂತ ಜೋರಾಗಿ ಹೊರಬೀಳುತ್ತದೆ. ಬಂದದ್ದನ್ನು ರಿವಾಲ್ವರಿನ ತೂಕದಿಂದ ಭಾಗಿಸಿದರೆ ರಿವಾಲ್ವರ್ ಹಿಂದಕ್ಕೆ ಬರುವ ವೇಗ ಸಿಗುತ್ತದೆ. ಉದಾಹರಣೆಗೆ 357 ಮ್ಯಾಗ್ನಮ್‌ನ 158 ಗ್ರೇನ್ ಗುಂಡು ಅಂದರೆ 10.2 ಗ್ರಾಂ. ಸೆಕೆಂಡಿಗೆ 1,235 ಅಡಿ ಅಂದರೆ 376 ಮೀಟರ್. ಮದ್ದು ಸುಮಾರು 1 ಗ್ರಾಂ ಅಂತ ಹಿಡಿಯಿರಿ. ನಾಲ್ಕು ಇಂಚು ನಳಿಗೆಯ, 1.13 ಕಿಲೋ ತೂಕದ ಉಕ್ಕಿನ ರಿವಾಲ್ವರ್ ಸೆಕೆಂಡಿಗೆ ಹೆಚ್ಚುಕಮ್ಮಿ 3.9 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. ಶಕ್ತಿ ಸುಮಾರು 8.5 ಜೂಲ್. ಅದೇ ರಿವಾಲ್ವರಿಗೆ 38 ಸ್ಪೆಷಲ್ ಅನ್ನುವ ಮೆತ್ತನೆಯ ತೋಟಾ ಹಾಕಿ, ಅದೇ 158 ಗ್ರೇನ್ ಗುಂಡು 755 ಅಡಿ ವೇಗದಲ್ಲಿ ಹೋದರೆ 2.6 ಜೂಲ್. ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ! ಯಾವ ಹಿಡಿಯೂ ಇಷ್ಟನ್ನು ನುಂಗಲಾರದು.

ತೂಕದ್ದೂ ಇದೇ ಕಥೆ. ಅದೇ ಪೂರ್ತಿ ಮ್ಯಾಗ್ನಮ್ ತೋಟಾವನ್ನು 710 ಗ್ರಾಂನ ಗಿಡ್ಡ ರಿವಾಲ್ವರಿನಲ್ಲಿ ಹೊಡೆದರೆ ಒದೆತ 13.7 ಜೂಲ್‌ಗೆ ಏರುತ್ತದೆ. 1.33 ಕಿಲೋ ತೂಕದ 44 ಮ್ಯಾಗ್ನಮ್‌ನಲ್ಲಿ 240 ಗ್ರೇನ್ ಗುಂಡು 1,180 ಅಡಿ ವೇಗದಲ್ಲಿ ಹೋದಾಗ ಬರುವುದು ಸುಮಾರು 15 ಜೂಲ್. ಅಂದರೆ ಹಗುರವಾದ ಜೇಬು ರಿವಾಲ್ವರಿನಲ್ಲಿ 357 ಹೊಡೆಯುವವರು ಹತ್ತಿರಹತ್ತಿರ 44ರ ಒದೆತವನ್ನೇ ತಿನ್ನುತ್ತಾರೆ, ಅದೂ ಎರಡು ಬೆರಳಿಗಷ್ಟೇ ಜಾಗ ಕೊಡುವ ಹಿಡಿಯಲ್ಲಿ. "ಸಣ್ಣದು, ಕಲಿಯೋಕೆ ಸುಲಭ" ಅಂತ ಹೊಸಬರ ಕೈಗೆ ಇಂಥದ್ದನ್ನು ಕೊಡುವುದರಷ್ಟು ತಪ್ಪು ಇನ್ನೊಂದಿಲ್ಲ.

ಈಗ ಹಿಡಿಯ ವಿಚಾರ. ಸಿಲಿಂಡರ್ (ತೋಟಾ ತುಂಬುವ, ತಿರುಗುವ ಉರುಳೆ) ಹೊರಗೆ ತೆಗೆದು ಎಲ್ಲ ಚೇಂಬರೂ, ಅಂದರೆ ತೋಟಾ ಕೂರುವ ತೂತುಗಳೂ, ಖಾಲಿ ಇದೆಯೆಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡಿಕೊಂಡ ಮೇಲೆ ಅಳತೆ. ಹಿಂಬದಿಯ ಪಟ್ಟಿಯಲ್ಲಿ ಕೈ ಎಷ್ಟು ಮೇಲೆ ಹೋಗಬಹುದೋ ಅಷ್ಟು ಮೇಲೆ ಹೋಗಬೇಕು. ಹ್ಯಾಮರ್ ಹಿಂದೆ ಬಂದಾಗ ಚರ್ಮಕ್ಕೆ ತಾಕದಿದ್ದರೆ ಸಾಕು. ಗುಂಡು ಹೋಗುವ ನಳಿಗೆಯ ಗೆರೆ ಕೈಗಿಂತ ಮೇಲಿದೆ. ಕೈ ಎಷ್ಟು ಕೆಳಗಿರುತ್ತದೋ ಅಷ್ಟು ಉದ್ದದ ಸನ್ನೆಕೋಲು ಸಿಕ್ಕಂತಾಗಿ ಮೂತಿ ಮೇಲಕ್ಕೆ ಎಗರುತ್ತದೆ. ಬರಿಯ ಒಂದು ಸೆಂಟಿಮೀಟರ್ ಮೇಲೆ ಹಿಡಿದರೆ ಸಿಗುವ ಲಾಭ ಅದೆಷ್ಟೋ ರಬ್ಬರ್ ಹಿಡಿಗಳಿಂದ ಸಿಗುವುದಿಲ್ಲ, ಖರ್ಚೂ ಇಲ್ಲ.

ಹಾಗೆ ಹಿಡಿದಾಗ ನಳಿಗೆ, ಮಣಿಕಟ್ಟು, ಮುಂಗೈ ಮೂಳೆ ಮೂರೂ ಒಂದೇ ಗೆರೆಯಲ್ಲಿ ಇದ್ದು, ತೋರುಬೆರಳು ಟ್ರಿಗರಿಗೆ ಸಲೀಸಾಗಿ ಎಟುಕಬೇಕು. ಡಬಲ್ ಆಕ್ಷನ್ ಎಳೆತಕ್ಕೆ (ಟ್ರಿಗರ್ ಎಳೆದೇ ಹ್ಯಾಮರನ್ನೂ ಹಿಂದೆ ತರುವುದಕ್ಕೆ) ಬೆರಳ ಮೊದಲ ಗೆಣ್ಣಿನ ಹತ್ತಿರದ ಭಾಗ ಟ್ರಿಗರಿನ ಮೇಲಿದ್ದರೆ ನನಗೆ ಸರಿ. ಹಿಡಿ ದಪ್ಪವಾದರೆ ಬೆರಳು ಎಟುಕುವುದಿಲ್ಲ. ಎಟುಕಿಸಲು ನಾವು ಗೊತ್ತಿಲ್ಲದೇ ಕೈಯನ್ನು ಪಕ್ಕಕ್ಕೆ ತಿರುಗಿಸುತ್ತೇವೆ. ಆಗ ಹಿಡಿಯ ಬೆನ್ನು ಅಂಗೈಯ ಮಾಂಸದ ಮೇಲೆ ಕೂರದೆ ಹೆಬ್ಬೆರಳ ಬುಡದ ಮೂಳೆಯ ಮೇಲೆ ಕೂರುತ್ತದೆ. ಪ್ರತಿ ಹೊಡೆತವೂ ನೇರ ಆ ಗೆಣ್ಣಿಗೇ. ಹೆಬ್ಬೆರಳ ಬುಡ ನೋಯುತ್ತಿದ್ದರೆ ಬೇಕಾದ್ದು ಇನ್ನೂ ದಪ್ಪ ಹಿಡಿ ಅಲ್ಲ, ತೆಳು ಹಿಡಿ.

ಕವಲು ಹರಿಯುತ್ತಿದ್ದರೆ, ಕೆಂಪಾಗಿ ಸುಲಿಯುತ್ತಿದ್ದರೆ, ವಿಷಯ ಬೇರೆ. ಹಿಂಬದಿಯ ಲೋಹದ ಪಟ್ಟಿ ಬರಿದಾಗಿ ಕಾಣುವ ಹಿಡಿಗಳಲ್ಲಿ ಒದೆತ ಒಂದು ಬೆರಳಿನಷ್ಟೂ ಅಗಲವಿಲ್ಲದ ಉಕ್ಕಿನ ಅಂಚಿನ ಮೂಲಕ ಬರುತ್ತದೆ. ಇಲ್ಲಿ ಹಿಂಬದಿಯನ್ನೂ ಮುಚ್ಚುವ ಹಿಡಿ ಕೆಲಸ ಮಾಡುತ್ತದೆ. ಸ್ಮಿತ್ ಅಂಡ್ ವೆಸನ್‌ನ 500 ಮ್ಯಾಗ್ನಮ್ ರಿವಾಲ್ವರಿಗೆ ಬರುವ ರಬ್ಬರ್ ಹಿಡಿಯಲ್ಲಿ ಬೆನ್ನಿನ ಭಾಗಕ್ಕೆ ಏಟು ಹೀರುವ ಮೆತ್ತನೆಯ ವಸ್ತುವಾದ ಸೋರ್ಬೋಥೇನ್ ತುಂಡು ಇರುತ್ತದೆ. ಅದು ಅದೇ ಕಂಪನಿಯ ದುಂಡನೆಯ ಬುಡದ, ಕೆ, ಎಲ್, ಎನ್ ಎಂಬ ಅಳತೆಗಳ ಫ್ರೇಮ್‌ಗಳಿಗೂ ಕೂರುತ್ತದೆ. ಹೋಗ್ ಕಂಪನಿಯ ಟೇಮರ್ ಹಿಡಿಯದೂ ಇದೇ ಉಪಾಯ. ಆದರೆ ಬೆನ್ನು ಮುಚ್ಚಿದ ತಕ್ಷಣ ಟ್ರಿಗರ್ ಕೆಲವು ಮಿಲಿಮೀಟರ್ ದೂರವಾಗುತ್ತದೆ. ಸಣ್ಣ ಕೈಯವರು ಕವಲಿನ ನೋವು ಕೊಟ್ಟು ಹೆಬ್ಬೆರಳಿನ ನೋವು ತಂದುಕೊಳ್ಳುವುದು ಹೀಗೇ. ಅಂಥವರಿಗೆ ನಾನು ಬರಿಯ ಬೆನ್ನಿನ ಹಿಡಿಯನ್ನೇ ಉಳಿಸಿ, ಬದಿಗಳನ್ನು ಅಗಲ ಮಾಡಿ, ತೋಟಾವನ್ನು ಒಂದು ಮೆಟ್ಟಿಲು ಇಳಿಸಿ ಅನ್ನುತ್ತೇನೆ.

ನಡುಬೆರಳ ಗೆಣ್ಣಿಗೆ ಏಟು ಬೀಳುವುದು ಟ್ರಿಗರ್ ಗಾರ್ಡಿನ ಹಿಂದಿನ ಖಾಲಿ ಜಾಗದಿಂದ. ಹಳೆಯ ಮಾದರಿಯ ತೆಳು ಮರದ ಹಿಡಿಗಳು ಆ ಜಾಗವನ್ನು ಹಾಗೇ ಬಿಡುತ್ತವೆ. ರಿವಾಲ್ವರ್ ಮೇಲಕ್ಕೆ ಉರುಳುವಾಗ ಗಾರ್ಡ್ ಬಂದು ಬೆರಳಿಗೆ ಕುಟ್ಟುತ್ತದೆ. ಆ ಸಂದು ತುಂಬುವ ಹಿಡಿ ಅಥವಾ ಲೋಹದ ಸಣ್ಣ ಅಡಾಪ್ಟರ್ ಹಾಕಿದರೆ ಆಯಿತು.

ಬೆರಳಿನ ಕಚ್ಚುಗಳಿರುವ ಹಿಡಿ ನೋಡಲು ಚೆಂದ, ಆದರೆ ಕಚ್ಚು ಮಾಡಿದವರ ಕೈ ನಿಮ್ಮ ಕೈ ಅಲ್ಲ. ಏಣು ಬೆರಳ ಸಂದಿಗೆ ಬರದೆ ಬೆರಳ ಕೆಳಗೇ ಬಂದರೆ ಹೊಡೆದಷ್ಟೂ ಬಾಧೆ. ಪರೀಕ್ಷೆ ಹೀಗೆ: ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡು, ಖಾಲಿ ರಿವಾಲ್ವರನ್ನು ಹೊಡೆಯುವಾಗಿನಷ್ಟೇ ಬಿಗಿಯಾಗಿ ಹಿಡಿದು ಬಿಡಿ. ಪುಡಿ ಅಂಟಿದ ಜಾಗ ಬೆನ್ನಿನ ತುಂಬ, ಎರಡೂ ಬದಿಗೆ ಹರಡಿದ್ದರೆ ಹಿಡಿ ಕೈಗೆ ಒಗ್ಗಿದೆ. ಏಣುಗಳ ತುದಿಯಲ್ಲಿ, ಅಂಚುಗಳಲ್ಲಿ ಮಾತ್ರ ಅಂಟಿದ್ದರೆ ಒಗ್ಗಿಲ್ಲ. ಮರದ ಹಿಡಿಯಾದರೆ ಆ ಜಾಗವನ್ನೇ 120 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಇಳಿಸಿ, 220, 400ರಲ್ಲಿ ನಯ ಮಾಡಿ, ಅಗಸೆಎಣ್ಣೆ ತೆಳುವಾಗಿ ಒರೆಸುತ್ತೇನೆ. ಪ್ರತಿ ಸಲ ಸ್ವಲ್ಪ ಉಜ್ಜಿ ಮತ್ತೆ ಪುಡಿ ಪರೀಕ್ಷೆ. ತೆಗೆದ ಮರ ವಾಪಸ್ ಬರುವುದಿಲ್ಲ. ಚೂಪಾದ ಚೆಕರಿಂಗ್ (ಜಾರದಂತೆ ಕೊರೆದ ಚೌಕಳಿ ಗೆರೆಗಳು) ಇದ್ದರೆ ಅದರ ಮೊನೆಯನ್ನೂ ಮುರಿಯಿರಿ. ಹಗುರ ತೋಟಾಕ್ಕೆ ಅದು ಹಿಡಿತ ಕೊಡುತ್ತದೆ, ಮ್ಯಾಗ್ನಮ್‌ಗೆ ಅರದಂತೆ ಚರ್ಮ ತಿನ್ನುತ್ತದೆ.

ಕೆಲಸ ಮುಗಿದ ಮೇಲೆ ಎರಡು ತಪಾಸಣೆ. ಎಡಬದಿಯ ಹಿಡಿ ಉಬ್ಬಿಕೊಂಡಿದ್ದರೆ ಖಾಲಿ ತೋಟಾ ಹೊರಗೆ ಬೀಳುವಾಗ ಅದಕ್ಕೆ ತಗುಲಿ ನಿಲ್ಲುತ್ತದೆ, ಸ್ಪೀಡ್‌ಲೋಡರ್ (ಎಲ್ಲ ತೋಟಾ ಒಟ್ಟಿಗೆ ತುಂಬುವ ಸಾಧನ) ಕೂಡ ಕೂರುವುದಿಲ್ಲ. ಅಲ್ಲಿ ಸ್ವಲ್ಪ ತಗ್ಗು ಮಾಡಬೇಕು. ಇನ್ನೊಂದು ಸ್ಕ್ರೂ. ಮ್ಯಾಗ್ನಮ್ ಒದೆತಕ್ಕೆ ಅದು ಸಡಿಲವಾಗುತ್ತದೆ, ಹಿಡಿ ಕೂದಲೆಳೆಯಷ್ಟು ಅಲ್ಲಾಡಿದರೂ ಪೆಟ್ಟು ಎರಡು ಸಲ ಬಿದ್ದ ಹಾಗೆ. ಐವತ್ತು ಸುತ್ತಿಗೊಮ್ಮೆ ನೋಡುತ್ತೇನೆ. ಹಾಗಂತ ಮರದ ಹಿಡಿಯ ಸ್ಕ್ರೂವನ್ನು ಜೀವ ಹೋಗುವ ಹಾಗೆ ಬಿಗಿದರೆ ಮರ ಸೀಳುತ್ತದೆ.

ಹಿಡಿ ಒಗ್ಗಿದ ಮೇಲೆ ತೋಟಾ. 357ರವರ ಅದೃಷ್ಟ ಏನೆಂದರೆ 1935ರಲ್ಲಿ ಆ ತೋಟಾವನ್ನು 38 ಸ್ಪೆಷಲ್ ಅನ್ನೇ ಸುಮಾರು 3 ಮಿ.ಮೀ. ಉದ್ದ ಮಾಡಿ ರೂಪಿಸಿದರು. ಹಾಗಾಗಿ ಮ್ಯಾಗ್ನಮ್ ಚೇಂಬರಿನಲ್ಲಿ ಎರಡೂ ನಡೆಯುತ್ತವೆ. ತಿರುಗಾಮುರುಗಾ ಮಾತ್ರ ಯಾವತ್ತೂ ಮಾಡಬಾರದು: 38ರ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್, ಅಂದರೆ 17,000 ಪಿಎಸ್‌ಐ, 357ರದು 35,000. 44 ಮ್ಯಾಗ್ನಮ್‌ಗೆ 44 ಸ್ಪೆಷಲ್ ಹೀಗೇ ತಮ್ಮನಿದ್ದಂತೆ. 15 ಜೂಲ್ ಇದ್ದದ್ದು ಐದೂವರೆಗೆ ಇಳಿಯುತ್ತದೆ.

ನಾನು ಬಳಸುವ ಮೆಟ್ಟಿಲುಗಳು ಆ 1.13 ಕಿಲೋ ರಿವಾಲ್ವರಿನ ಲೆಕ್ಕದಲ್ಲಿ ಇವು. 38ರ 148 ಗ್ರೇನ್ ವಾಡ್‌ಕಟರ್ (ಗುರಿ ಅಭ್ಯಾಸದ ಚಪ್ಪಟೆ ಮೂತಿಯ ಗುಂಡು), 710 ಅಡಿ: 2 ಜೂಲ್. 158 ಗ್ರೇನ್ ಸಾದಾ 38: 2.6. ಅದೇ 158 ಗ್ರೇನ್ ಪ್ಲಸ್ ಪಿ (ಹೆಚ್ಚು ಒತ್ತಡದ 38), 890 ಅಡಿ: 3.7ರ ಆಸುಪಾಸು. 357ರಲ್ಲೇ ಮೃದುವಾದ 125 ಗ್ರೇನ್, 1,220 ಅಡಿ: 5ಕ್ಕೆ ತುಸು ಕಮ್ಮಿ. ಆಮೇಲೆ ಒಮ್ಮೆಲೇ 8.5ಕ್ಕೆ ನೆಗೆತ. ಹೆಚ್ಚಿನವರು ಮೊದಲ ಮೆಟ್ಟಿಲಿಂದ ಕೊನೆಯದಕ್ಕೆ ಹಾರಿ ಬೀಳುತ್ತಾರೆ. ನಡುವಿನ ಮೃದು 357ನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನನ್ನ ಪ್ರಕಾರ ರೂಢಿ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ.

ಹಗುರ ಗುಂಡು ಅಂದರೆ ಹಗುರ ಒದೆತ ಅನ್ನುವುದು ಅರ್ಧಸತ್ಯ. 125 ಗ್ರೇನ್ ಗುಂಡನ್ನು 1,450 ಅಡಿಗೆ ಓಡಿಸುವ ಜೋರು ತೋಟಾದ ಒದೆತ 158 ಗ್ರೇನಿನದಕ್ಕೆ ಹೆಚ್ಚುಕಮ್ಮಿ ಸಮ. ಅದರಲ್ಲಿ ಆರನೇ ಒಂದು ಪಾಲು ಬರೀ ಮದ್ದಿನ ಗಾಳಿಯದು. ಆ ಪಾಲು ಕೈಗಿಂತ ಹೆಚ್ಚಾಗಿ ಕಿವಿಗೆ, ಕಣ್ಣಿಗೆ ಹೊಡೆಯುತ್ತದೆ. ಜೊತೆಗೆ ಸ್ಮಿತ್ ಅಂಡ್ ವೆಸನ್ ಮಾಡೆಲ್ 19ರಂಥ ಕೆ ಫ್ರೇಮ್‌ಗಳಲ್ಲಿ ನಳಿಗೆಯ ಬುಡದ ಕೆಳಭಾಗವನ್ನು ಚಪ್ಪಟೆಯಾಗಿ ಕತ್ತರಿಸಿರುತ್ತಾರೆ. ಇಂಥ ತೋಟಾಗಳನ್ನೇ ಹೊಡೆಯುತ್ತಾ ಹೋದರೆ ಅಲ್ಲೇ ಸೀಳು ಬಿಡುವುದು. ಟೈಟಾನಿಯಂ ಸಿಲಿಂಡರಿನ ಹಗುರ ರಿವಾಲ್ವರಿನಲ್ಲಿ 120 ಗ್ರೇನಿಗಿಂತ ಹಗುರ ಗುಂಡಿನ ಮ್ಯಾಗ್ನಮ್ ಬೇಡವೆಂದು ತಯಾರಕರೇ ಹೇಳಿರುತ್ತಾರೆ, ಬಿಸಿ ಗಾಳಿ ಚೇಂಬರಿನ ಒಳಮೈ ಕೊರೆಯುತ್ತದೆ ಅಂತ.

ತೋಟಾ ಬದಲಿಸಿದಾಗ ಎದುರಾಗುವ ತೊಡಕುಗಳನ್ನೂ ಹೇಳಬೇಕು. ನಿಧಾನದ ಭಾರ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಮೂತಿ ಏರಿರುತ್ತದೆ, ಗುಂಡು ಮೇಲೆ ಬೀಳುತ್ತದೆ. ವೇಗದ ಹಗುರ ಗುಂಡು ಕೆಳಗೆ. ಗುರಿಹಲಗೆಯಲ್ಲಿ ಇದನ್ನು ನೋಡಿ ಕೈಯನ್ನು ಬೈದುಕೊಳ್ಳುವವರಿದ್ದಾರೆ. ತಿರುಗಿಸಬಹುದಾದ ಸೈಟ್ ಇದ್ದರೆ ಪ್ರತಿ ತೋಟಾಕ್ಕೂ ಎಷ್ಟು ಕ್ಲಿಕ್ ಎಂದು ಬರೆದಿಡಿ.

38 ಹೊಡೆದು ಹೊಡೆದು ಚೇಂಬರಿನಲ್ಲಿ, ಗಿಡ್ಡ ತೋಟಾದ ಬಾಯಿ ಮುಗಿಯುವಲ್ಲಿ, ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ 357 ಹಾಕಿದರೆ ಪೂರ್ತಿ ಒಳಗೆ ಹೋಗುವುದಿಲ್ಲ. ಹೆಬ್ಬೆರಳಲ್ಲಿ ಒತ್ತಿ ಕೂರಿಸಬೇಡಿ: ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಒಂದು ಅಳತೆ ದೊಡ್ಡದಾದ ಕಂಚಿನ ಬ್ರಷ್ಷಿಗೆ ಸಾಲ್ವೆಂಟ್ ಹಾಕಿ ಹತ್ತು ನಿಮಿಷ ನೆನೆಸಿ ಉಜ್ಜಿದರೆ ಬರುತ್ತದೆ.

ಹಗುರ ರಿವಾಲ್ವರಿನಲ್ಲಿ ಅತಿ ಅಪಾಯದ್ದು ಗುಂಡು ಮುಂದಕ್ಕೆ ಸರಿಯುವುದು. ಒದೆತಕ್ಕೆ ರಿವಾಲ್ವರ್ ರಪ್ಪನೆ ಹಿಂದೆ ಬರುತ್ತದೆ, ಇನ್ನೂ ಹೊಡೆಯದ ತೋಟಾದ ಕೇಸ್ (ಹೊರಕವಚ) ಅದರ ಜೊತೆ ಬರುತ್ತದೆ, ಗುಂಡು ಮಾತ್ರ ಇದ್ದಲ್ಲೇ ನಿಲ್ಲಲು ನೋಡುತ್ತದೆ. ಸುತ್ತಿನಿಂದ ಸುತ್ತಿಗೆ ಹೊರಬಂದು ಸಿಲಿಂಡರಿನ ಮುಂದೆ ಮೂಗು ಚಾಚಿದರೆ ಸಿಲಿಂಡರ್ ತಿರುಗುವುದೇ ಇಲ್ಲ. ತಾಮ್ರದ ಹೊದಿಕೆ ಇಲ್ಲದ ಸೀಸದ ಗುಂಡುಗಳಲ್ಲಿ ಇದು ಹೆಚ್ಚು. ಪರೀಕ್ಷೆಗೆ ಐದು ಚೇಂಬರಿನದಾದರೆ ಐದೂ ತುಂಬಿ, ಕೊನೆಯದಕ್ಕೆ ಮಸಿಪೆನ್ನಿನಲ್ಲಿ ಗುರುತು ಹಾಕಿ, ವರ್ನಿಯರ್ ಕ್ಯಾಲಿಪರಿನಲ್ಲಿ ಉದ್ದ ಅಳೆದು ಬರೆದುಕೊಳ್ಳಿ. ನಾಲ್ಕು ಹೊಡೆದು ಐದನೆಯದನ್ನು ಮತ್ತೆ ಅಳೆಯಿರಿ. ಕಾಲು ಮಿಲಿಮೀಟರಿಗಿಂತ ಹೆಚ್ಚು ಬೆಳೆದಿದ್ದರೆ ಆ ತೋಟಾ ಆ ರಿವಾಲ್ವರಿಗೆ ಬೇಡ ಅಂತ ನನ್ನ ನಿಯಮ.

ತೋಟಾ ತಾವೇ ತುಂಬಿಕೊಳ್ಳುವವರಿಗೆ ಒಂದೇ ಎಚ್ಚರಿಕೆ: ಒದೆತ ಇಳಿಸಲು ಎಚ್110 ಅಥವಾ 296ರಂಥ ನಿಧಾನವಾಗಿ ಉರಿಯುವ ಮದ್ದನ್ನು ಕಮ್ಮಿ ಹಾಕಬೇಡಿ. ಅವು ಒತ್ತಡ ಸಾಲದೆ ಸರಿಯಾಗಿ ಹತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಮೃದು ತೋಟಾ ಬೇಕಾದರೆ ಕೈಪಿಡಿಯಲ್ಲಿ ಅದಕ್ಕೆಂದೇ ಕೊಟ್ಟ ಬೇರೆ ಮದ್ದು, ಬೇರೆ ಅಳತೆ. ಯಾವ ತೋಟಾವೇ ಆಗಲಿ, ಠಸ್ ಎಂದು ಮೆತ್ತಗೆ ಸದ್ದು ಬಂದರೆ ನಿಲ್ಲಿಸಿ, ಖಾಲಿ ಮಾಡಿ, ನಳಿಗೆ ನೋಡುವ ತನಕ ಮುಂದಿನದನ್ನು ಹೊಡೆಯಬೇಡಿ.

ಒಂದು ಸರದಿಯಲ್ಲಿ ನನ್ನ ಕ್ರಮ: ಎರಡು ಸಿಲಿಂಡರ್ ವಾಡ್‌ಕಟರ್, ಒಂದು ಮೃದು 357, ಒಂದು ಪೂರ್ತಿ ಮ್ಯಾಗ್ನಮ್, ಮತ್ತೆ ವಾಡ್‌ಕಟರ್. ಪೂರ್ತಿ ಮ್ಯಾಗ್ನಮ್ ದಿನಕ್ಕೆ 30 ದಾಟಿಸುವುದಿಲ್ಲ. ಬೆರಳು ಜುಮ್ಮೆಂದರೆ ಅಲ್ಲಿಗೇ ಮುಕ್ತಾಯ. ಕಿವಿಗೆ ಒಳಗೊಂದು ಬಿರಡೆ, ಮೇಲೊಂದು ಮಫ್, ಎರಡೂ ಬೇಕು. ಈ ಸದ್ದು 160 ಡೆಸಿಬೆಲ್ ದಾಟುತ್ತದೆ, ಕೈ ಬೆಚ್ಚುವುದು ಎಷ್ಟೋ ಸಲ ಕಿವಿಯಿಂದಲೇ. ಎಡ ಹೆಬ್ಬೆರಳು ಬಲ ಹೆಬ್ಬೆರಳ ಮೇಲೆ ಮಡಚಿರಲಿ, ಪಿಸ್ತೂಲಿನ ರೂಢಿಯಲ್ಲಿ ಮುಂದಕ್ಕೆ ಚಾಚಬೇಡಿ. ಸಿಲಿಂಡರ್ ಮತ್ತು ನಳಿಗೆಯ ನಡುವಿನ 0.1ರಿಂದ 0.2 ಮಿ.ಮೀ. ಸಂದಿನಿಂದ ಚಿಮ್ಮುವ ಗಾಳಿ ಚರ್ಮ ಕತ್ತರಿಸುತ್ತದೆ.

ಒದೆತ ಹತೋಟಿಗೆ ಬಂತೋ ಇಲ್ಲವೋ ತಿಳಿಯಲು ಜೊತೆಯವರಿಂದ ಸಿಲಿಂಡರ್ ತುಂಬಿಸುತ್ತೇನೆ: ಆರರಲ್ಲಿ ಎರಡು ಹೊಡೆದ ಖಾಲಿ ಕೇಸು, ಯಾವ ಜಾಗದಲ್ಲಿ ಎಂದು ನನಗೆ ಗೊತ್ತಿರಬಾರದು. ಖಾಲಿಯ ಮೇಲೆ ಹ್ಯಾಮರ್ ಬಿದ್ದಾಗ ಮುಂದಿನ ಸೈಟ್ ಅಲುಗದೆ ನಿಂತರೆ ಆ ತೋಟಾ ಕೈಗೆ ಒಗ್ಗಿದೆ. ಮೂತಿ ಕೆಳಕ್ಕೆ ಮುಗ್ಗರಿಸಿದರೆ ಒಂದು ಮೆಟ್ಟಿಲು ಕೆಳಗಿನ ತೋಟಾಕ್ಕೆ ವಾಪಸ್.